ಹಗಲು ಮಲಗುವ ಕಾಮಕಸ್ತೂರಿ

“ಏಯ್, ನರೇಂದ್ರನ ಎಲೆಗೆ ಸಾರು ಬಿಸಿ ಮಾಡಿ ಬಡಿಸ್ಬೇಡ್ರೋ! ಅವನ ಟೆಂಟಿನೊಳಗೆ ಮಡಗಿದ್ರೆ ತಾನೇ ಕುದೀತದೆ!”

ಬೀಗರ ಊಟದ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾತು ಬಿಟ್ಟವನು ಬೇರೆ ಯಾರೂ ಅಲ್ಲ, ನರೇಂದ್ರನ ಸೋದರಮಾವ ಮುನಿರಾಜು. ರಾಜಾನುಕುಂಟೆಯಲ್ಲಿ ನೀರಿನ ಟ್ಯಾಂಕರ್ ಓಡಿಸುವವನು. ಬಾಯಿಯೂ ಟ್ಯಾಂಕರಿನ ಹಾಗೇ, ಒಮ್ಮೆ ತೆರೆದರೆ ಖಾಲಿಯಾಗುವ ತನಕ ನಿಲ್ಲದು.

“ಓದು ತಲೆಗೆ ಅತ್ತಲಿಲ್ಲ, ಓಗ್ಲಿ ಅಂದ್ರೆ ಈಗ ಬಟ್ಟೆ ಬೀರು ಒಳಗೆ ತ್ವಾಟ ಮಾಡ್ತಾವ್ನೆ! ದೇವ್ರು ಬಿಸ್ಲು ಬಿಟ್ಟಿ ಕೊಟ್ಟವ್ನೆ, ಇವ್ನು ಕರೆಂಟ್ ಬಿಸ್ಲು ಕಾಯಿಸ್ತಾವ್ನೆ!”

ನರೇಂದ್ರ ಮುದ್ದೆ ಮುರಿಯುವುದು ಬಿಟ್ಟು ತಲೆ ಎತ್ತಿದ. ಕೈಯಲ್ಲಿದ್ದ ಮೂಳೆ ಮಾವನ ಬಿಳಿ ಅಂಗಿಯ ಕಡೆಗೆ ಹಾರುವುದೊಂದೇ ಬಾಕಿ. ಅಷ್ಟರಲ್ಲಿ ಮಾವ ತನ್ನ ತಾಯಿ ಮುನಿಕೃಷ್ಣಮ್ಮನ ಕಡೆ ತಿರುಗಿದ. “ಅವ್ವಾ, ಈ ಸಲದ್ದೂ ಬೆಂದೋದ್ರೆ ಮಹಡಿ ಮೇಲಿನ ರೂಮು ಬಾಡಿಗೆಗೆ ಕೊಟ್ಬಿಡು. ಇವನನ್ನ ನನ್ನ ಟ್ಯಾಂಕರ್‌ಗೆ ಕಳಿಸು. ಪೈಪು ಇಡ್ಕೊಳ್ಳೋಕೆ ಆಳು ಬೇಕು.”

ಮುನಿಕೃಷ್ಣಮ್ಮ ಮೊಮ್ಮಗನ ಮುಖ ನೋಡಿದಳು, ಮಗನ ಮುಖ ನೋಡಿದಳು. “ಆಗ್ಲಿ. ಇದೊಂದು ಸಲ ನೋಡಣ” ಎಂದಳು.

ಯಲಹಂಕದ ಹಳೇ ಊರಿನಲ್ಲಿ ಅಜ್ಜಿಯದೇ ಮನೆ, ಅಜ್ಜಿಯದೇ ಮಾತು. ಅಲ್ಲಿಗೆ ತೀರ್ಮಾನವಾಯಿತು. ಗಿಡ ಉಳಿದರೆ ನರೇಂದ್ರ ಉಳಿದ. ಇಲ್ಲದಿದ್ದರೆ ಮಾವನ ಪೈಪು.

ಈ ಟೆಂಟೆಂದರೆ ಬೆಟ್ಟ ಹತ್ತುವವರ ಟೆಂಟಲ್ಲ. ಹೊರಗೆ ಕಪ್ಪು ಬಟ್ಟೆ, ಒಳಗೆ ಕನ್ನಡಿಯಂತೆ ಹೊಳೆಯುವ ಹಾಳೆ, ಮುಂದೆ ಉದ್ದನೆಯ ಜಿಪ್ಪು. ಆಳೆತ್ತರದ ಗೂಡು. ಮೇಲೆ ಎಲ್‌ಇಡಿ ದೀಪ, ಕೆಳಗೆ ಕುಂಡಗಳು. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದರೂ ಒಳಗಿನ ಎಲೆಯ ಮೇಲೆ ಒಂದು ಚೂರು ಧೂಳು ಕೂರದು. ಔಷಧಿ ಹೊಡೆಯುವ ಕೆಲಸವೂ ಕಡಿಮೆ. ನರೇಂದ್ರ ಅದರಲ್ಲಿ ಕಾಮಕಸ್ತೂರಿ ಬೆಳೆಯುತ್ತಿದ್ದ. ಪಿಜ್ಜಾ ಅಂಗಡಿಯವರು ‘ಬೇಸಿಲ್’ ಎಂದು ಕೇಳಿ ಕೊಳ್ಳುವ ಸೊಪ್ಪು. ಅಜ್ಜಿಯ ಬಾಯಲ್ಲಿ ಅದು ತುಳಸಿಯ ತಂಗಿ.

ಚಳಿಗಾಲದಲ್ಲಿ ಘಮಘಮ ಬೆಳೆದಿತ್ತು. ಶಿವರಾತ್ರಿ ಕಳೆಯಿತು, ಟೆಂಟಿದ್ದ ಮಹಡಿ ರೂಮಿನ ಶೀಟಿನ ಸೂರು ಕಾವಲಿಯಾಯಿತು. ಎಲೆಯ ಅಂಚು ಹಪ್ಪಳದಂತೆ ಮುರಿಯತೊಡಗಿತು. ಒಂದು ಬೆಳೆ ಹೋಯಿತು, ಇನ್ನೊಂದೂ ಹೋಯಿತು. ಈಗಿರುವುದು ಬೇಸಗೆಯ ಮೂರನೆಯದು.

ಬೀಗರ ಊಟದ ಮರುದಿನ ಮಧ್ಯಾಹ್ನ ನರೇಂದ್ರ ಗಂಗಾನಗರದ ರುಮಾನಾಗೆ ಫೋನು ಮಾಡಿದ. ರುಮಾನಾ ತನ್ನ ಮನೆಯ ಕೆಳಗಿನ ಕೋಣೆಯಲ್ಲಿ ಇಂಥದೇ ಟೆಂಟು ಕಟ್ಟಿ ಪುದೀನ ಬೆಳೆದು ಹೋಟೆಲುಗಳಿಗೆ ಕೊಡುವವಳು. ತರಬೇತಿ ಪಡೆದವಳು, ಕೈ ಸುಟ್ಟುಕೊಂಡು ಕಲಿತವಳೂ ಹೌದು. ಕಾಮಕಸ್ತೂರಿಗೆ ಗಿರಾಕಿ ಹುಡುಕಿಕೊಟ್ಟಿದ್ದೂ ಅವಳೇ.

ಬಂದವಳು ಜಿಪ್ಪು ಎಳೆದಳು. ಒಳಗಿನ ಹಬೆ ಮುಖಕ್ಕೆ ಬಡಿದು ಕನ್ನಡಕ ಮಂಜಾಯಿತು.

“ಅರೆ, ಇಡ್ಲಿ ಬೆಂದಿದ್ಯಾ ನೋಡೋಕೆ ಕರೆದ್ಯೇನೋ ನನ್ನ?”

“ನೀನೂ ಶುರು ಮಾಡ್ಬೇಡ ಅಕ್ಕ. ನಿನ್ನೆಯಿಂದ ತಲೆ ಕೆಟ್ಟಿದೆ” ಎಂದ ನರೇಂದ್ರ. “ಫ್ಯಾನ್ ಹಾಕಿದೀನಿ, ನೀರು ಹಾಕ್ತೀನಿ. ಇನ್ನೇನ್ ಮಾಡ್ಬೇಕು? ಎಸಿ ತಂದು ಹಾಕ್ಬಿಡ್ಲಾ?”

“ತೂತು ಬಿಂದಿಗೆಗೆ ಕಾವೇರಿ ನೀರು ಬಿಟ್ಟಂಗೆ ಆಗ್ತದೆ. ಮೊದ್ಲು ತೂತು ಎಲ್ಲಿ ಅಂತ ನೋಡೋಣ.” ಅವಳು ಟೆಂಟಿನ ಸುತ್ತ ಒಂದು ಸುತ್ತು ಬಂದಳು. ಹಿಂಬದಿಯಲ್ಲಿ ನಿಂತುಬಿಟ್ಟಳು. ಟೆಂಟಿಗೆ ಮೇಲಿಂದ ಕೆಳಗಿನ ತನಕ ಒದ್ದೆ ಗೋಣಿಚೀಲ ಹೊದಿಸಿತ್ತು. “ಇದ್ಯಾರು ಮಾಡಿದ್ದು?”

“ನಾನೇ ಕಣಮ್ಮಾ” ಎಂದಳು ಬಾಗಿಲಲ್ಲಿ ಕೂತಿದ್ದ ಮುನಿಕೃಷ್ಣಮ್ಮ, ಹೆಮ್ಮೆಯಿಂದ. “ಜ್ವರ ಬಂದ ಮಗೀಗೆ ಒದ್ದೆ ಬಟ್ಟೆ ಆಕಲ್ವಾ? ಅಂಗೇ.”

“ಮಗುಗೆ ಹಣೆ ಮೇಲೆ ಹಾಕ್ತೀರಾ ಅಜ್ಜಿ, ಮೂಗಿನ ಮೇಲೆ ಹಾಕ್ತೀರಾ?”

“ಮೂಗಿಗೆ ಯಾರವ್ವ ಆಕ್ತಾರೆ? ಉಸ್ರು ಕಟ್ಟಿ ಸಾಯಾಕಾ?”

ರುಮಾನಾ ಗೋಣಿ ಸರಿಸಿದಳು. ಟೆಂಟಿನ ಕೆಳಭಾಗದಲ್ಲಿ ಜಾಲರಿಯ ಕಿಂಡಿಗಳಿದ್ದವು. “ಇದೇ ಇದರ ಮೂಗು.”

ಅಜ್ಜಿ ಎದ್ದು ಬಂದು ನೋಡಿದಳು. ಮುಖ ಸಣ್ಣಗಾಯಿತು. “ಅಯ್ಯೋ ಶಿವನೆ! ನಾನೇ ಮೂಗು ಮುಚ್ಚಿದ್ನಾ?”

“ಅರೆ ಅಜ್ಜಿ, ಬೇಜಾರು ಬೇಡ. ನಿಮ್ಮ ಮೊಮ್ಮಗ ಅದಕ್ಕಿಂತ ದೊಡ್ಡದು ಮಾಡಿದಾನೆ.” ಅವಳು ಮೇಲಿನ ಫ್ಯಾನಿನ ಹತ್ತಿರ ಕೈ ಹಿಡಿದಳು. ಬಿಸಿಗಾಳಿ ಬುಸುಬುಸು ಹೊರಗೆ ಬರುತ್ತಿತ್ತು. “ಈ ಗಾಳಿ ಎಲ್ಲಿಗೆ ಹೋಗ್ತಿದೆ ನರೇಂದ್ರ?”

“ಆಚೆಗೆ.”

“ಯಾವ ಆಚೆಗೆ? ಟೆಂಟಿಂದ ಆಚೆ, ಅದೇ ರೂಮಿಗೆ. ಕಿಟಕಿ ಎಲ್ಲಾ ಮುಚ್ಚಿದೀಯ. ಉಗಿದ ಗಾಳಿನೇ ಮತ್ತೆ ಕುಡೀತಿದೆ ಗಿಡ.”

“ಕಿಟಕಿ ತೆಗೆದ್ರೆ ಬಿಸಿಲು ಒಳಗೆ ಬರಲ್ವಾ?” ನರೇಂದ್ರನ ದನಿ ಏರಿತು. ತಪ್ಪು ಸಿಕ್ಕಿದಾಗ ಅವನ ದನಿ ಏರುವುದು ರೂಢಿ.

“ನನ್ನ ಮೇಲೆ ಯಾಕೋ ಕೂಗ್ತೀಯ, ಬಿಸಿಲಿನ ಮೇಲೆ ಕೂಗು. ಬಿಸಿಲು ಬೀಳೋ ಕಿಟಕಿ ಮುಚ್ಚು. ನೆರಳಿನ ಕಡೆದು ತೆಗಿ, ಅಲ್ಲಿಂದ ತಣ್ಣನೆ ಗಾಳಿ ಕೆಳಗಿನ ಕಿಂಡಿಗೆ ಹೋಗ್ಲಿ. ಮೇಲಿನ ಫ್ಯಾನಿಗೆ ಒಂದು ಕೊಳವೆ ಸಿಕ್ಕಿಸಿ, ಬಿಸಿಗಾಳಿನ ಗೋಡೆಯಿಂದ ಆಚೆ ಬಿಡು. ಅಡ್ಗೆಮನೆ ಹೊಗೆ ಆಚೆ ಬಿಡಲ್ವಾ? ಅಷ್ಟೇ.”

ಅವಳು ಕೆಲಸಕ್ಕೇ ಇಳಿದಳು. ಟೆಂಟಿನ ಮೇಲಿನ ಕಂಬಿಗೆ ನೇತುಹಾಕಿದ್ದ ತಾಪಮಾಪಕವನ್ನು ಕೆಳಗಿಳಿಸಿ ಎಲೆಗಳ ಮಟ್ಟಕ್ಕೆ, ದೀಪ ನೇರವಾಗಿ ಬೀಳದ ಹಾಗೆ ಕಟ್ಟಿದಳು. “ಜ್ವರ ನೋಡೋದು ರೋಗಿಗೆ, ಆಸ್ಪತ್ರೆ ಸೂರಿಗಲ್ಲ.” ಅದು ನಲವತ್ತೊಂದು ಡಿಗ್ರಿ ತೋರಿಸಿತು. ದೀಪಕ್ಕೆ ಕರೆಂಟು ಕೊಡುವ ಡಬ್ಬಿ ಒಳಗೇ ಕೂತು ಕಾದು ಕೆಂಡವಾಗಿತ್ತು. ಸ್ವಿಚ್ಚು ಆರಿಸಿ, ಅದನ್ನು ಹೊರಗೆ ತಂದು ಗೋಡೆಗೆ ತಗುಲಿಹಾಕಿಸಿದಳು. ಕಾದ ನೆಲದ ಮೇಲಿದ್ದ ಕುಂಡಗಳ ಕೆಳಗೆ ಮರದ ಹಲಗೆ ಬಂತು. ದೀಪ ಒಂದು ಗೇಣು ಮೇಲೇರಿತು. ಒಳಗೆ ಮೂಲೆಯಲ್ಲೊಂದು ಪುಟ್ಟ ಫ್ಯಾನು, ಎಲೆ ಮೆಲ್ಲಗೆ ಅಲುಗುವಷ್ಟು ಗಾಳಿಗೆ.

“ಶೀಟಿಗೆ ಬಿಳಿ ಸುಣ್ಣ ಬಳಿ. ಶೀಟಿನ ಮೇಲೆ ಮಾತ್ರ ಕಾಲಿಡ್ಬೇಡ, ಏಣಿ ಮೇಲೆ ನಿಂತು ಉದ್ದನೆ ಕೋಲಿಗೆ ಬ್ರಷ್ ಕಟ್ಕೊ.”

“ನನ್ನ ಗೋಣಿಚೀಲ?” ಅಜ್ಜಿ ಬಿಡಲಿಲ್ಲ.

“ಅದನ್ನ ಶೀಟಿನ ಮೇಲೆ ಹಾಸ್ಲಿ. ನೀವು ಮಧ್ಯಾಹ್ನ ಪೈಪಲ್ಲಿ ಅಲ್ಲಿಗೇ ನೀರು ಹಾಯ್ಸಿ. ಒಳಗೆ ಮಾತ್ರ ಒದ್ದೆ ಬಟ್ಟೆ ಬೇಡ. ಗಾಳಿ ಆಡ್ದೆ ತೇವ ನಿಂತ್ರೆ ಎಲೆಗೆ ಬೂಷ್ಟು ಬರ್ತದೆ.”

ಅಜ್ಜಿಗೆ ಸಮಾಧಾನವಾಯಿತು. ಆದರೆ ಅಸಲಿ ಜಗಳ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು ಸಂಜೆ, ಕೆಳಗೆ ದೇವರ ಮುಂದೆ ದೀಪ ಹಚ್ಚಿದ ಮೇಲೆ. ಅಜ್ಜಿ ಮೆಟ್ಟಿಲು ಹತ್ತಿ ಬಂದು ಟೆಂಟಿನ ಸ್ವಿಚ್ಚಿಗೆ ಕೈ ಹಾಕಿದಳು.

“ಯಾಕಜ್ಜಿ ಆರಿಸ್ತಿದೀರ?” ರುಮಾನಾ ಕೇಳಿದಳು.

“ದಿನಾ ಆರಿಸ್ತೀನಿ. ದೀಪ ಅಚ್ಚಿದ ಮ್ಯಾಲೆ ಗಿಡ ಮುಟ್ಬಾರ್ದು. ಗಿಡ ಮಲಗೋ ಒತ್ತು. ಅದ್ರಲ್ಲೂ ಇದು ತುಳಸಿ ತಂಗಿ. ಬೆಳಗ್ಗೆ ಸೂರ್ಯ ಉಟ್ಟಾಗ ಇವ್ನು ಮತ್ತೆ ಆಕ್ತಾನೆ.”

ರುಮಾನಾ ಹಣೆ ಹಣೆ ಚಚ್ಚಿಕೊಂಡಳು. “ಅದಕ್ಕೇ! ಮೇಲೆ ಸೂರ್ಯ ಕಾಯಿಸ್ತಾನೆ, ಒಳಗೆ ದೀಪ ಕಾಯಿಸ್ತದೆ. ಎರಡು ಒಲೆ ಮಧ್ಯೆ ಗಿಡ! ಅಜ್ಜಿ, ಈ ಟೆಂಟೊಳಗೆ ಸೂರ್ಯ ಕಾಣಲ್ಲ. ದೀಪ ಹತ್ತಿದ್ರೆ ಅದಕ್ಕೆ ಹಗಲು, ಆರಿದ್ರೆ ರಾತ್ರಿ. ಸಂಜೆ ಏಳಕ್ಕೆ ಹಚ್ಚಿ, ಬೆಳಗ್ಗೆ ಏಳಕ್ಕೆ ಆರಿಸಿ. ತಂಪು ಹೊತ್ತಲ್ಲಿ ಅದು ದುಡೀಲಿ, ಬಿಸಿಲು ಹೊತ್ತಲ್ಲಿ ಕತ್ತಲೆ ಮಾಡ್ಕೊಂಡು ಮಲಗ್ಲಿ.”

“ರಾತ್ರಿಯೆಲ್ಲ ಗಿಡ ಎಬ್ಬಿಸಿ ಕೂರಿಸೋದಾ? ಬ್ಯಾಡ ಕಣಮ್ಮ. ಪಾಪ ಸುತ್ಕೊಂತದೆ.”

“ಅಜ್ಜೀ!” ನರೇಂದ್ರ ಸಿಡಿದ. “ನಿನ್ನ ಪಾಪ ಪುಣ್ಯಕ್ಕೆ ನಾನು ಮಾವನ ಪೈಪು ಹಿಡೀಬೇಕಾ? ಎರಡು ಬೆಳೆ ಸುಟ್ಟೋಯ್ತಲ್ಲ, ಆ ಪಾಪ ಯಾರ ಲೆಕ್ಕಕ್ಕೆ?”

ಮಾತು ಜೋರಾಯಿತು. ಅಜ್ಜಿ ಕಿಟಕಿಯ ಹತ್ತಿರ ಹೋಗಿ ಆಚೆ ನೋಡತೊಡಗಿದಳು. ರುಮಾನಾ ನರೇಂದ್ರನ ಕಡೆಗೆ ಕಣ್ಣು ಬಿಟ್ಟಳು, ಬಾಯಿ ಮುಚ್ಚು ಎನ್ನುವ ಹಾಗೆ.

ಕೆಳಗೆ ಬೀದಿಯಲ್ಲಿ ಕ್ಯಾಬು ನಿಂತಿತು. ಎದುರುಮನೆಯ ಧನುಶ್ರೀ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಬುತ್ತಿ ಹಿಡಿದು ಹೊರಟಿದ್ದಳು. ಏರ್‌ಪೋರ್ಟಿನಲ್ಲಿ ಅವಳಿಗೆ ರಾತ್ರಿ ಪಾಳಿ. “ಬರ್ತೀನಜ್ಜಿ” ಎಂದು ಕೈ ಬೀಸಿದಳು.

“ಉಷಾರಾಗಿ ಓಗ್ಬಾ ತಾಯಿ” ಎಂದಳು ಅಜ್ಜಿ. ಕ್ಯಾಬು ತಿರುವು ದಾಟುವ ತನಕ ನೋಡಿದಳು. ಆಮೇಲೆ ನಿಧಾನವಾಗಿ ಇತ್ತ ತಿರುಗಿದಳು.

“ಈ ಮಗಿನೂ ರಾತ್ರಿಯೆಲ್ಲ ದುಡೀತದೆ, ಅಗಲೊತ್ತು ಮಲಗ್ತದೆ. ಕಿಟಕಿಗೆ ಕಪ್ಪು ಪರದೆ ಕಟ್ಟವ್ಳೆ. ಬೀದಿಲಿ ಐಕಳು ಗಲಾಟೆ ಮಾಡಿದ್ರೆ ನಾನೇ ಬಯ್ಯೋದು, ‘ಅವಳ ರಾತ್ರಿ ಕಣ್ರೋ ಈಗ’ ಅಂತ.” ಟೆಂಟಿನ ಕಪ್ಪು ಬಟ್ಟೆ ಮುಟ್ಟಿ ನೋಡಿದಳು. “ಅಂಗಾರೆ ಇದೂ ರಾತ್ರಿ ಪಾಳಿಯದು.”

“ಹಾಂ ಅಜ್ಜಿ! ಅದೇ!” ರುಮಾನಾ ಚಪ್ಪಾಳೆ ತಟ್ಟಿದಳು.

“ನೀನು ಅಂಗೆ ಬಿಡಿಸಿ ಏಳಬಾರ್ದಿತ್ತೇನೋ ಮುಂಡೇದೆ? ಕಿರುಚ್ತಾನೆ!” ಎಂದು ಮೊಮ್ಮಗನ ತಲೆಗೊಂದು ಮೊಟಕಿದಳು. “ಆದ್ರೆ ರಾತ್ರಿ ಕೊಯ್ಯಂಗಿಲ್ಲ.”

“ರಾತ್ರಿ ಕೊಯ್ಯೋದು ಬೇಡವೇ ಬೇಡ. ಬೆಳಗ್ಗೆ, ಬೆಳಕು ಹರಿದ ಮೇಲೆ, ದೀಪ ಆರಿಸೋ ಮುಂಚೆ ಕೊಯ್ಲಿ. ಎಲೆ ತಂಪಾಗಿರ್ತದೆ, ನಿಮ್ಮ ಮಾತೂ ಉಳೀತದೆ” ಎಂದಳು ರುಮಾನಾ.

ಮರುದಿನ ಮನೆಯ ಕಾನೂನೇ ಬದಲಾಯಿತು. ಸ್ವಿಚ್ಚಿಗೆ ಟೈಮರು ಬಂತು. ದೀಪ ಹಗಲಲ್ಲಿ ಆರಿದರೂ ಗಾಳಿಯ ಫ್ಯಾನು ಮಾತ್ರ ನಿಲ್ಲದಂತೆ ಬೇರೆ ಪ್ಲಗ್ಗು. ಅಜ್ಜಿ ಹಗಲೆಲ್ಲ ಮಹಡಿ ಮೆಟ್ಟಿಲ ತುದಿಯಲ್ಲಿ ಕಾವಲು ಕೂತಳು. ಬಟ್ಟೆ ಒಣಗಿಸಲು ಬಂದ ಪಕ್ಕದ ಮನೆ ಸುಮಾ, ಟೆಂಟು ಹೇಗಿದೆ ನೋಡ್ತೀನಿ ಎಂದು ಜಿಪ್ಪಿಗೆ ಕೈ ಹಾಕಿದರೆ, “ಸುಮಾ, ಮುಟ್ಬ್ಯಾಡ! ಅದ್ರ ನಡುರಾತ್ರಿ ಈಗ!” ಸುಮಾ ಬಕೆಟ್ಟು ಅಲ್ಲೇ ಬಿಟ್ಟು ನಕ್ಕಳು. ಗಂಟೆ ನೋಡಿದರೆ ಮಧ್ಯಾಹ್ನ ಎರಡು.

ಬಿಸಿಲು ತೀರಾ ಉರಿದ ದಿನ ನರೇಂದ್ರ ನೀರು ತುಂಬಿ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿದ ಬಾಟಲಿಗಳನ್ನು ಟೆಂಟಿನ ಹೊರಗೆ, ಗಾಳಿ ಒಳಗೆ ಹೋಗುವ ಕಿಂಡಿಯ ಮುಂದೆ ಇಟ್ಟ. ನಲವತ್ತೊಂದು ಇದ್ದದ್ದು ಹಗಲಲ್ಲಿ ಮೂವತ್ತರ ಆಸುಪಾಸಿಗೆ, ದೀಪ ಉರಿಯುವ ರಾತ್ರಿಯಲ್ಲಿ ಇಪ್ಪತ್ತಾರಕ್ಕೆ ಇಳಿಯಿತು. ಸುಟ್ಟ ಎಲೆ ಚಿವುಟಿದ ಕಡೆ ಜೋಡಿ ಚಿಗುರು ಒಡೆಯಿತು. ಒಂದು ಬೆಳಗ್ಗೆ ಜಿಪ್ಪು ತೆಗೆದರೆ ಹಬೆಯ ಬದಲು ಘಮ ಮುಖಕ್ಕೆ ಬಡಿಯಿತು. ಅಜ್ಜಿ ಒಂದು ದಳ ಕಿತ್ತು ಮೂಸಿ ಮುಡಿಗಿಟ್ಟುಕೊಂಡಳು. “ರೂಮು ಯಾವನಿಗೂ ಕೊಡಾಕಿಲ್ಲ” ಎಂದಳು.

ಮನೆಯೊಳಗೆ ಟೆಂಟು ಕಟ್ಟಿ ಸೊಪ್ಪು, ಪುದೀನ, ಸಸಿ ಬೆಳೆಯುವ ಅಕ್ಕಂದಿರೇ, ಅಣ್ಣತಮ್ಮಂದಿರೇ, ಗಿಡ ಬಾಡಿದರೆ ಹಣೆಬರಹಕ್ಕೆ ಬಯ್ಯಬೇಡಿ, ಬೀಜಕ್ಕೂ ಬಯ್ಯಬೇಡಿ. ಮೊದಲು ಎಲೆಯ ಮಟ್ಟದಲ್ಲಿ ಬಿಸಿ ಎಷ್ಟಿದೆ ನೋಡಿ. ಮೂವತ್ತೆರಡು ದಾಟಿದರೆ ಗಿಡ ಕೂಗುತ್ತಿದೆ ಎಂದೇ ಲೆಕ್ಕ. ಬಿಸಿಗಾಳಿಯನ್ನು ಮೇಲಿನಿಂದ ಮನೆಯಾಚೆಗೇ ದಬ್ಬಿ, ನೆರಳಿನ ಗಾಳಿಯನ್ನು ಕೆಳಗಿನಿಂದ ಬಿಟ್ಟುಕೊಳ್ಳಿ. ಬೇಸಗೆಯಲ್ಲಿ ದೀಪವನ್ನು ರಾತ್ರಿ ಪಾಳಿಗೆ ಹಾಕಿ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ದೀಪ, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲಾ ಸಿಕ್ಕಿಸಿ ಮನೆಗೆ ಬೆಂಕಿ ಹಚ್ಚಿಕೊಳ್ಳಬೇಡಿ. ಇಷ್ಟಕ್ಕೆ ಯಾವ ಡಿಗ್ರಿಯೂ ಬೇಕಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ. ಕೇಳಿದರೆ ಮರ್ಯಾದೆ ಹೋಗದು, ಕೇಳದಿದ್ದರೆ ಬೆಳೆ ಹೋಗುತ್ತದೆ. ಇವತ್ತೇ ಹೋಗಿ ನಿಮ್ಮ ಟೆಂಟಿನ ಕಿಂಡಿ ನೋಡಿ.

ನರೇಂದ್ರನ ಆ ಮೂರನೇ ಬೆಳೆಯ ಮೊದಲ ಕೊಯ್ಲಿನ ದಿನ ಮುನಿರಾಜು ಟ್ಯಾಂಕರ್ ತಂದು ಮನೆ ಮುಂದೆ ನಿಲ್ಲಿಸಿದ. ಬೀದಿಯವರು ಬಿಂದಿಗೆ ಹಿಡಿದು ನಿಂತಿದ್ದರು. ನರೇಂದ್ರ ಪಿಜ್ಜಾ ಅಂಗಡಿಗೆ ಒಯ್ಯುವ ಸೊಪ್ಪಿನ ಕ್ರೇಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಹೊಸ್ತಿಲು ದಾಟುತ್ತಿದ್ದ.

“ಓಹೋ, ಬೆಳೆದ್ಬುಟ್ಯಾ? ಮೊನ್ನೆ ನಾಕು ಅನಿ ಮಳೆ ಬಿತ್ತಲ್ಲ, ಅದ್ಕೆ ಬದ್ಕೈತೆ ಬಿಡು” ಎಂದ ಮಾವ, ಬೀದಿಗೆಲ್ಲ ಕೇಳುವ ಹಾಗೆ. “ಲೇ, ನಿಂತ್ಕೊಳ್ಳೋ. ನನ್ನ ಟ್ಯಾಂಕರ್‌ಗೆ ಯಾವತ್ತಿಂದ ಬತ್ತೀಯ?”

ನರೇಂದ್ರನ ನಾಲಿಗೆಯ ತುದಿಗೆ ಬಂದದ್ದು ಒಂದೆರಡು ಮಾತಲ್ಲ. ಆದರೆ ಬಿಸಿಲು ಆಗಲೇ ಎದುರುಮನೆಯ ಗೋಡೆಯಿಂದ ಕೆಳಗಿಳಿಯುತ್ತಿತ್ತು, ನಿಂತು ಜಗಳವಾಡಿದರೆ ಎಲೆ ಬಾಡುತ್ತದೆ. ಅವನು ಕ್ರೇಟನ್ನು ಹೆಗಲಿಗೇರಿಸಿದ. ಬಿಂದಿಗೆಗಳ ಸಾಲು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಗೋಡೆಯ ನೆರಳು ಹಿಡಿದು, ಕಾಮಕಸ್ತೂರಿಯ ಘಮವನ್ನು ಬೀದಿಯುದ್ದಕ್ಕೂ ಬಿಡುತ್ತ, ಅವನು ಬಸ್ ಸ್ಟಾಪಿನ ಕಡೆಗೆ ನಡೆದುಬಿಟ್ಟ.