ಹಾಲೇಶನ ಬೆಳಗಿನ ಪಾಳಿ

ಕುಕನೂರಿನ ಬಸ್ ನಿಲ್ದಾಣದ ಎದುರಿಗೆ ಸುನಿತಾಳ ಔಷಧಿ ಅಂಗಡಿ. ಬೋರ್ಡಿನ ಮೇಲೆ ಬೇರೆ ಹೆಸರಿದ್ದರೂ ಊರಿನವರು ಅದನ್ನು 'ಹಡಗಿನವ್ರ ಮೆಡಿಕಲ್' ಎಂದೇ ಕರೆಯುತ್ತಿದ್ದರು. ಅವಳ ಗಂಡ ಹಾಲೇಶ ಎಣ್ಣೆ ಸಾಗಿಸುವ ಹಡಗಿನಲ್ಲಿ ಸೆಕೆಂಡ್ ಆಫೀಸರ್. ಎಂದೋ ಒಮ್ಮೆ ಗೋಕರ್ಣಕ್ಕೆ ಹೋದಾಗ ಸಮುದ್ರ ಕಂಡವರೇ ಹೆಚ್ಚಾಗಿದ್ದ ಆ ಊರಿಗೆ, ತಮ್ಮವನೊಬ್ಬ ಹಡಗು ನಡೆಸುತ್ತಾನೆ ಎಂಬುದು ಹೇಳಿಕೊಳ್ಳುವಂಥ ಸಂಗತಿಯಾಗಿತ್ತು. ಮಾತ್ರೆ ಕೊಳ್ಳಲು ಬಂದವರು, "ಈಗ ಯಾವ ಸಮುದ್ರದಾಗ ಅದಾರ್ರಿ?" ಎಂದು ಕೇಳುವರು. ಸುನಿತಾ ಹೇಳುವಳು. ಕೇಳಿದವರು ಆ ಹೆಸರನ್ನು ಅರ್ಧಮರ್ಧ ನೆನಪಿಟ್ಟುಕೊಂಡು ಮನೆಗೆ ಹೋಗುವರು.

ಒಂದು ವಿಡಿಯೋ ಬಂದು ಇದನ್ನೆಲ್ಲ ಕೆಡಿಸಿತು.

ದೂರದ ಒಂದು ದ್ವೀಪ ದೇಶದ ಹತ್ತಿರ ಲಂಗರು ಹಾಕಿದ್ದ ಹಾಲೇಶನ ಹಡಗಿನಿಂದ ಎಣ್ಣೆ ಸೋರಿ, ಅಲ್ಲಿನ ದಂಡೆಯೆಲ್ಲ ಕಪ್ಪಾಗಿತ್ತು. ಬಲೆಗಳು ಹಾಳಾಗಿದ್ದವು, ಮೀನು ಸತ್ತು ತೇಲಿದ್ದವು. ವಿಡಿಯೋದಲ್ಲಿ ಪೊಲೀಸರು ಹಾಲೇಶನನ್ನು ವ್ಯಾನಿನಿಂದ ಇಳಿಸಿ ಕೋರ್ಟಿನ ಒಳಗೆ ಕರೆದೊಯ್ಯುತ್ತಿದ್ದಾಗ ಬೆಸ್ತರ ಗುಂಪು ಕೂಗಾಡುತ್ತಾ ಎಣ್ಣೆ ಮೆತ್ತಿದ ಮೀನುಗಳನ್ನು ಅವನ ಮೇಲೆ ಎಸೆಯಿತು. ಒಂದು ಅವನ ಭುಜಕ್ಕೆ ಬಡಿದು ಬಿಳಿ ಅಂಗಿಯ ಮೇಲೆ ಜಾರಿ ಬಿತ್ತು. ಅವನು ತಲೆ ಎತ್ತಲಿಲ್ಲ. ಪಾಳಿಯಲ್ಲಿದ್ದ ಅಧಿಕಾರಿಯ ತಪ್ಪಿನಿಂದ ಹೀಗಾಗಿದೆ, ಕಂಪನಿ ತೀವ್ರವಾಗಿ ವಿಷಾದಿಸುತ್ತದೆ ಎಂದು ಹಡಗಿನ ಕಂಪನಿ ಹೇಳಿಕೆ ಕೊಟ್ಟಿತ್ತು. ಪಾಳಿಯಲ್ಲಿದ್ದವನು ಕೊಪ್ಪಳ ಜಿಲ್ಲೆಯವನು ಎಂದು ತಿಳಿದ ಮೇಲೆ ಇಲ್ಲಿನ ಚಾನಲ್ಲುಗಳು ಸುಮ್ಮನಿರುತ್ತವೆಯೇ? ಅವನ ಮದುವೆಯ ಫೋಟೋ ಕೂಡ ಎಲ್ಲಿಂದಲೋ ಸಿಕ್ಕಿತು. ಸುನಿತಾಳ ಮುಖವನ್ನು ಮಸುಕು ಮಾಡಿದ್ದರು. ಆದರೆ ಊರಲ್ಲಿ ಯಾರಿಗೆ ಗೊತ್ತಿಲ್ಲ?

ಮರುದಿನ ಫೋಟೋ ಸ್ಟುಡಿಯೋದ ವಿರುಪಾಕ್ಷಿ ತಲೆನೋವಿನ ಗುಳಿಗೆ ಕೇಳುತ್ತಾ ಬಂದು, "ಕುಡ್ದು ಮಲಗಿದ್ರಂತ, ಹೌದೇನ್ರಿ?" ಎಂದ.

"ಯಾರು ಹೇಳಿದ್ರು ನಿಮಗ?"

"ಮೊಬೈಲ್‌ನಾಗ ಎಲ್ಲಾ ಕಡೆ ಅದ ಐತಲ್ರಿ."

"ನಮ್ಮನಿಯವ್ರು ಕುಡಿಯೂದಿಲ್ಲ. ಅವ್ರದು ಏನೂ ತಪ್ಪಿಲ್ಲ," ಎಂದು ಸುನಿತಾ ಗುಳಿಗೆಯನ್ನು ಕೌಂಟರಿನ ಮೇಲೆ ಇಟ್ಟಳು. ಅವಳ ದನಿ ಏರಿತ್ತು. ಮಧುಮೇಹದ ಮಾತ್ರೆಗೆಂದು ಕಾಯುತ್ತಾ ನಿಂತಿದ್ದ ಜೈನಾಬೀ, "ಹುಡುಗನ್ನ ಸಣ್ಣಂವಿದ್ದಾಗಿಂದ ನೋಡೀನಪಾ, ಸುಮ್ ಹೋಗು," ಎಂದು ವಿರುಪಾಕ್ಷಿಯನ್ನು ಸಾಗಹಾಕಿದಳು. ಆಮೇಲೆ ತಾನೇ ಮೆಲ್ಲಗೆ ಕೇಳಿದಳು: "ಖರೇ ಏನೂ ತಪ್ಪಿಲ್ಲಲ್ಲವಾ?"

"ಇಲ್ಲ," ಎಂದಳು ಸುನಿತಾ. ಆ ವಾರವೆಲ್ಲ ಅವಳು ಬಂದವರಿಗೆಲ್ಲ ಇದನ್ನೇ ಹೇಳಿದಳು. ಗಂಡನೊಡನೆ ಒಂದು ಮಾತೂ ಆಡಲು ಆಗಿರಲಿಲ್ಲ. ಅವನನ್ನು ಬಲ್ಲೆನಲ್ಲ ಎಂಬ ಒಂದೇ ಧೈರ್ಯದ ಮೇಲೆ ಹೇಳುತ್ತಿದ್ದಳು.

ಅಷ್ಟರಲ್ಲಿ ಕಂಪನಿಯಿಂದ ಒಬ್ಬ ಬಂದ. ಹೆಸರು ಪಂಪಾಪತಿ. ಮುಂಬೈಯಲ್ಲಿ ಹಡಗಿಗೆ ಜನ ಕಳಿಸುವ ವಿಭಾಗದಲ್ಲಿ ಅವನ ಕೆಲಸ, ಮೂಲ ಗಂಗಾವತಿಯವನು. ಅದಕ್ಕೇ ಅವನನ್ನು ಆರಿಸಿ ಕಳಿಸಿದ್ದರು. ಹುಬ್ಬಳ್ಳಿಯವರೆಗೆ ವಿಮಾನದಲ್ಲಿ ಬಂದು, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಮನೆ ಬಾಗಿಲಿಗೆ ಇಳಿದ. ಹಾಲೇಶನ ತಂದೆ ಈಶಪ್ಪ ಮೊದಲು ಲಾರಿ ಓಡಿಸುತ್ತಿದ್ದವರು. ಈಗ ಮೊಣಕಾಲು ನೋವೆಂದು ಮನೆಯಲ್ಲೇ ಇದ್ದರು. ಬಂದವನಿಗೆ ಕುರ್ಚಿ ಕೊಟ್ಟು, ಚಹಾ ಮಾಡಿಸಿದರು.

"ಕಾಕಾರ, ನಾನು ನಿಮ್ಮ ಕಡೀಯವ್ನ," ಎಂದು ಪಂಪಾಪತಿ ಶುರು ಮಾಡಿದ. "ಹಾಲೇಶಣ್ಣ ಲಗೂ ಮನಿಗಿ ಬರಬೇಕು. ನಮ್ಮ ಆಫೀಸಿನಾಗೂ ಎಲ್ಲಾರೂ ಅದನ್ನ ಬಯಸ್ತಾರ. ಅಲ್ಲಿ ದೊಡ್ಡ ವಕೀಲರನ್ನ ಹಚ್ಚೀವಿ. ಆದ್ರ ಅಣ್ಣಾರು ಸ್ವಲ್ಪ ಹಟ ಹಿಡಿದಾರ."

"ಎಂಥ ಹಟ?" ಎಂದರು ಈಶಪ್ಪ.

"ತಮ್ಮ ಪಾಳಿಯೊಳಗ ಒಂದು ವಾಲ್ವ್ ಮುಚ್ಚೂದು ಮರತೆ ಅಂತ ಒಪ್ಪಿಕೊಂಡ್ರ ಕೇಸು ಸಣ್ಣದಾಗ್ತದ. ಗೊತ್ತಿಲ್ದ ಆದ ತಪ್ಪು ಅಂತ ದಂಡ ಹಾಕಿ ಬಿಡ್ತಾರ. ದಂಡ ಕಂಪನಿ ಕಟ್ತೈತಿ. ಪಗಾರಾನೂ ನಿಲ್ಸಂಗಿಲ್ಲ. ಅವ್ರು ಸಹಿ ಮಾಡವಲ್ರು. ನೀವು ಒಂದು ಮಾತು ಹೇಳ್ರಿ."

ಸುನಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ವಾಲ್ವ್ ಅವ್ರು ಖರೇನ ಮರ್ತಿದ್ರೇನ್ರಿ?" ಎಂದು ಕೇಳಿದಳು.

ಪಂಪಾಪತಿ ಚಹಾದ ಲೋಟವನ್ನು ಕೆಳಗಿಟ್ಟ. "ಅಕ್ಕಾರ, ನಾನು ಹಡಗಿನ ಮ್ಯಾಲ ಇರ್ಲಿಲ್ಲ. ನನಗ ಹೇಳಿ ಕಳಿಸಿದ್ದನ್ನ ಹೇಳಾಕತ್ತೀನಿ."

"ಸಹಿ ಮಾಡ್ಲಿಲ್ಲಂದ್ರ?"

"ಹಂಗಾದ್ರ ವಕೀಲರು ಕಂಪನಿ ಪರವಾಗಿ ಅಷ್ಟ ವಾದ ಮಾಡ್ತಾರ. ಇವ್ರಿಗಿ ಇವ್ರ ದಾರಿ."

ಹೇಳಿದವನ ಮುಖದಲ್ಲಿ ಬೆದರಿಕೆಯಿರಲಿಲ್ಲ, ಬೇಸರವಿತ್ತು. ಹಾಲೇಶನೊಡನೆ ಫೋನಿನಲ್ಲಿ ಮಾತಾಡಿಸುವ ಏರ್ಪಾಡು ಮಾಡುವೆನೆಂದು ಹೇಳಿ ಹೋದ, ಹಾಗೆಯೇ ಮಾಡಿದ.

ಅವನ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಈಶಪ್ಪ ಸೊಸೆಗೆ ಹೇಳಿದರು: "ಅಂವ ಸಹಿ ಮಾಡ್ಲವಾ. ಪರದೇಶದ ಜೈಲಿನಾಗ ಎಷ್ಟ ದಿನ ಕುಂದ್ರತಾನ? ವಾಲ್ವ್ ಮರತೆ ಅಂದ್ರ ಯಾರ ಮಾನ ಹೋಗೂದೈತಿ? ಯಾರು ಮರಿಯಂಗಿಲ್ಲ?"

"ಮರೀಲಾರದ್ದ ಮರತೆ ಅಂತ ಹೆಂಗ ಹೇಳೂದ್ರಿ ಮಾವಾರ?"

"ಬಾಯಿಂದ ಹೇಳೂದು. ಮತ್ತ ಹೆಂಗ?" ಎಂದರು ಅವರು. ಕೋಪದಿಂದಲ್ಲ. ಮಗನನ್ನು ಕಣ್ಣಾರೆ ಕಂಡರೆ ಸಾಕೆಂದು ಅವರ ಜೀವ ಹಾತೊರೆಯುತ್ತಿತ್ತು. ವಿಡಿಯೋ ಬಂದಂದಿನಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ.

ಫೋನು ಬಂದಾಗ ಸುನಿತಾ ಅಂಗಡಿಯಲ್ಲಿದ್ದಳು. ಮಧ್ಯಾಹ್ನ, ಗಿರಾಕಿಗಳಿರಲಿಲ್ಲ. ಅವಳು ಔಷಧಿ ಪೆಟ್ಟಿಗೆಗಳ ಹಿಂದಿನ ಸ್ಟೂಲಿನ ಮೇಲೆ ಹೋಗಿ ಕೂತಳು. ಹಾಲೇಶ ಮೊದಲು ಅಪ್ಪನ ಮೊಣಕಾಲಿನ ಬಗ್ಗೆ ಕೇಳಿದ.

"ವಾಲ್ವ್ ಮುಚ್ಚೂದು ನೀವು ಮರ್ತಿದ್ರೇನ್ರಿ?" ಎಂದು ಅವಳು ಕೇಳಿದಳು.

"ಇಲ್ಲ. ತಳದ ಪೈಪು ತುಕ್ಕು ಹಿಡಿದು ತೂತು ಬಿದ್ದಿತ್ತು. ಅದು ಹಳೇದಾಗೇತಿ, ಬದಲಿ ಮಾಡ್ರಿ ಅಂತ ಎಂಜಿನಿಯರು ಹೇಳಿ ಹೇಳಿ ಸಾಕಾಗಿದ್ರು. ಮುಂದಿನ ರಿಪೇರಿಗಿ ನೋಡೂಣು ಅಂತ ಆಫೀಸಿನವ್ರು ಮುಂದ ಹಾಕಿದ್ರು."

ಸುನಿತಾಳ ಎದೆಯ ಭಾರ ಇಳಿಯಿತು. "ನಾನೂ ಅದನ್ನ ಹೇಳ್ಕೋತ ಬಂದೀನಿ. ನಿಮ್ಮದು ಏನೂ ತಪ್ಪಿಲ್ಲ ಅಂತ."

"ಹಂಗ ಹೇಳಬ್ಯಾಡ," ಎಂದ ಹಾಲೇಶ.

"ಯಾಕ?"

"ಬೆಳಗಿನ ಪಾಳಿ ನಂದಿತ್ತು. ಬೆಳಕ ಹರಿಯೂದ್ರಾಗ ನೀರಿನ ಮ್ಯಾಲ ಎಣ್ಣಿ ಮಿಂಚೂದು ಕಂಡೆ. ಕ್ಯಾಪ್ಟನ್‌ಗ ಹೇಳಿದೆ. ಅವ್ರು ಆಫೀಸಿಗಿ ಫೋನ್ ಹಚ್ಚಿದ್ರು. ಬಂದರಿನವ್ರಿಗಿ ಈಗ ತಿಳಿಸಬ್ಯಾಡ್ರಿ, ನಮ್ಮ ಮಂದಿ ಬಂದು ನೋಡೂತನಕ ತಡೀರಿ ಅಂತ ಆಫೀಸಿನವ್ರು ಹೇಳಿದ್ರಂತ. ತಡದ್ವಿ. ಮಧ್ಯಾಹ್ನದ ಮಟ ತಡದ್ವಿ, ಸುನಿತಾ. ಅಷ್ಟೊತ್ತಿಗೆ ಗಾಳಿ ತಿರುಗಿ ಎಣ್ಣಿ ದಂಡಿಗಿ ಹೋಗಿತ್ತು. ರೇಡಿಯೋ ನನ್ನ ಕೈಯಾಗ ಇತ್ತು. ಬಂದರಿಗೆ ಒಂದು ಮಾತು ಹೇಳಿದ್ರ ಅವ್ರು ಎಣ್ಣಿ ಹರಡದಂಗ ಸುತ್ತ ತೇಲೂ ಅಡ್ಡಪಟ್ಟಿ ಬಿಡ್ತಿದ್ರು, ಅರ್ಧಕ್ಕರ್ಧ ಅಲ್ಲೇ ನಿಲ್ತಿತ್ತು. ನಾನು ಹೇಳ್ಲಿಲ್ಲ."

"ಕ್ಯಾಪ್ಟನ್ ಬ್ಯಾಡ ಅಂದಿದ್ರಲ್ಲ."

"ಅಂದಿದ್ರು. ನೌಕರಿ ಹೋದೀತು ಅಂತ ನಾನೂ ಸುಮ್ನಾದೆ."

ಸುನಿತಾಗೆ ಮೊದಲು ಬಂದದ್ದು ಸಿಟ್ಟು. ಊರೆಲ್ಲರ ಎದುರು ತಾನು ಎದೆ ತಟ್ಟಿ ಹೇಳಿದ್ದಳಲ್ಲ. ವಿರುಪಾಕ್ಷಿಯ ಮೇಲೆ ಹರಿಹಾಯ್ದಿದ್ದಳಲ್ಲ. "ಮೊದ್ಲ ಯಾಕ ಹೇಳ್ಲಿಲ್ಲ ನೀವು?" ಎಂದಳು.

"ಹೆಂಗ ಹೇಳ್ಲಿ? ಫೋನ್ ಎಲ್ಲಿತ್ತು?"

ಅದೂ ನಿಜವೇ. ಅವನು ಮುಂದುವರಿಸಿದ: "ಬೆಸ್ತರಾಕಿ ಒಬ್ಬಾಕಿ ಅಕ್ಕ ಕೋರ್ಟಿನ ಮುಂದ ದಿನಾ ಬಂದು ನಿಂದರತಾಳ. ಅವ್ರ ಭಾಷಾ ನನಗ ತಿಳಿಯೂದಿಲ್ಲ. ಮೀನು ಒಗೆಯಂಗಿಲ್ಲ, ಬೈಯಂಗಿಲ್ಲ. ನನ್ನನ್ನ ನೋಡಿ ಒಂದ ಮಾತು ಕೇಳ್ತಾಳ. ಏನಂತ ಪೊಲೀಸರನ್ನ ಕೇಳಿದೆ. 'ಎಣ್ಣಿ ಯಾವಾಗ ಕಂಡ್ರಿ ನೀವು' ಅಂತ ಕೇಳ್ತಾಳಂತ. ವಾಲ್ವ್ ಮರತೆ ಅಂತ ಸಹಿ ಮಾಡಿದ್ರ ಆಕೀಗಿ ಉತ್ತರಾನ ಸಿಗಂಗಿಲ್ಲ."

"ನೀವು ಏನು ಮಾಡ್ತೀರಿ ಈಗ?"

"ಆದದ್ದು ಆದಂಗ ಹೇಳ್ತೀನಿ. ನನ್ನದು ಸೇರಿಸಿ. ತಡ ಆಗಬಹುದು ಬರೂದು. ಅಪ್ಪಗ ನೀನ ಹೇಳು."

ಆ ಸಂಜೆ ಅವಳು ಮಾವನಿಗೆ ಹೇಳಿದಳು. ಈಶಪ್ಪ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿದರು. "ಎರಡೂ ಕಡಿಯಿಂದ ಬಡಿಸ್ಕೊಳ್ಳಾಕ ನಿಂತಾನ," ಎಂದರು ಕೊನೆಗೆ. ಆಮೇಲೆ, "ಫೋನ್ ಬಂದ್ರ ಊಟಾ ಸರಿ ಮಾಡು ಅಂತ ಹೇಳವಾ ಅವಂಗ," ಎಂದು ಎದ್ದು ಒಳಗೆ ಹೋದರು. ಸಹಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಒಪ್ಪಿದರೆಂದು ಸುನಿತಾ ತಿಳಿದುಕೊಳ್ಳಲಿಲ್ಲ. ಆದರೆ ಪಂಪಾಪತಿ ಫೋನು ಮಾಡಿದಾಗ ಮಾತಾಡಲು ಅವಳಿಗೇ ಬಿಟ್ಟರು.

"ಅವ್ರು ಮಾಡಿದ್ದನ್ನ ಹೇಳ್ತಾರ್ರಿ. ಮಾಡ್ಲಾರದ್ದನ್ನ ಹೇಳಂಗಿಲ್ಲ," ಎಂದಳು ಸುನಿತಾ.

ಆ ಕಡೆಯಿಂದ ಪಂಪಾಪತಿ, "ಆಯ್ತ್ರಿ ಅಕ್ಕಾರ. ನಾನು ಹೇಳೀನಿ, ನೀವು ಒಪ್ಪಲಿಲ್ಲ ಅಂತ ತಿಳಸ್ತೀನಿ," ಎಂದ. ಮತ್ತೆ ಫೋನು ಇಡುವ ಮುಂಚೆ, ಆ ದೇಶದಲ್ಲಿ ನಾವಿಕರಿಗೆ ಪುಕ್ಕಟೆ ವಕೀಲರನ್ನು ಕೊಡಿಸುವ ಒಂದು ಸಂಘದ ಹೆಸರು ಹೇಳಿ, "ಇದು ನಾನು ಹೇಳಿದ್ದಲ್ಲ," ಎಂದ.

ಸಂಘದವರು ಒಬ್ಬ ವಕೀಲೆಯನ್ನು ಕೊಟ್ಟರು. ಹಾಲೇಶ ಕೋರ್ಟಿನಲ್ಲಿ ಎಲ್ಲವನ್ನೂ ಹೇಳಿದ: ಪೈಪಿನದು, ಆಫೀಸಿನ ಫೋನಿನದು, ತಾನು ಕಂಡೂ ಸುಮ್ಮನಿದ್ದದ್ದು. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಮೊದಲು ಬಾಯಿ ಬಿಡದಿದ್ದ ಕ್ಯಾಪ್ಟನ್ ಆಮೇಲೆ ಫೋನಿನ ಮಾತು ನಿಜವೆಂದು ಒಪ್ಪಿದ. ಕೊನೆಗೆ ಕಂಪನಿಗೆ ದೊಡ್ಡ ದಂಡ ಬಿತ್ತು. ಆದರೆ ಆ ಫೋನಿನಲ್ಲಿ 'ತಡೀರಿ' ಎಂದ ಆಫೀಸಿನವರು ಯಾರೂ ಆ ದೇಶದ ನೆಲ ಮೆಟ್ಟಲಿಲ್ಲ. ಕ್ಯಾಪ್ಟನ್‌ನಿಗೂ ಹಾಲೇಶನಿಗೂ ಜೈಲಾಯಿತು, ಹಾಲೇಶನಿಗೆ ಕಡಿಮೆ. ಬೇಸಿಗೆಯಲ್ಲಿ ಹಿಡಿದವನನ್ನು ಮಳೆಗಾಲ ಕಳೆದು, ಹಿಂಗಾರಿ ಬಿತ್ತನೆಯ ಹೊತ್ತಿಗೆ ಬಿಟ್ಟರು.

ಅಷ್ಟು ತಿಂಗಳು ಸುನಿತಾ ಅಂಗಡಿ ಮುಚ್ಚಲಿಲ್ಲ. ತಪ್ಪಿಲ್ಲ ಎನ್ನುವುದನ್ನು ಮಾತ್ರ ನಿಲ್ಲಿಸಿದಳು. ಯಾರಾದರೂ ಕೇಳಿದರೆ ನಡೆದದ್ದನ್ನು ಇದ್ದಂತೆ ಹೇಳಿದಳು. ಕೇಳಿದವರಿಗೆ ಅದು ರುಚಿಸುತ್ತಿರಲಿಲ್ಲ. ಬೈಯಲು ಬಂದವರಿಗೆ ಪೂರ್ತಿ ಬೈಯಲು ಆಗುತ್ತಿರಲಿಲ್ಲ, ಅಯ್ಯೋ ಪಾಪ ಎನ್ನಲು ಬಂದವರಿಗೆ ಅದನ್ನೂ ಪೂರ್ತಿ ಹೇಳಲು ಬಾಯಿ ಬರುತ್ತಿರಲಿಲ್ಲ. ಒಂದು ದಿನ ವಿರುಪಾಕ್ಷಿ ಬಂದಾಗ, "ಅವತ್ತು ನಿಮ್ಮ ಮ್ಯಾಲ ಒದರಿದ್ದು ನಂದು ತಪ್ಪಾತ್ರಿ. ಆದ್ರ ಕುಡ್ದಿರ್ಲಿಲ್ಲ ಅನ್ನೂದು ಖರೆ," ಎಂದಳು. ಅವನು ಏನೋ ಗೊಣಗಿ ಹಲ್ಲುಜ್ಜುವ ಬ್ರಷ್ ಒಂದನ್ನು ಕೊಂಡು ಹೋದ.

ಹಾಲೇಶ ಕೊಪ್ಪಳ ಸ್ಟೇಷನ್ನಿಗೆ ಬಂದಿಳಿದಾಗ ಸುನಿತಾ, ಈಶಪ್ಪ ಇಬ್ಬರೂ ಹೋಗಿದ್ದರು. ಬಡವಾಗಿದ್ದ. ಗಡ್ಡ ಬಿಟ್ಟಿದ್ದ. ಈಶಪ್ಪ ಮಗನ ಬೆನ್ನ ಮೇಲೆ ಕೈಯಾಡಿಸಿ, "ಮೈಯಾಗ ಏನೂ ಇಲ್ಲಲ್ಲೋ," ಎಂದಷ್ಟೇ ಅಂದು ಅವನ ಚೀಲವನ್ನು ಎತ್ತಿಕೊಳ್ಳಲು ಹೋದರು. ಅವನು ಕೊಡಲಿಲ್ಲ.

ಕಾರಿನಲ್ಲಿ ಬರುವಾಗ ಸುನಿತಾ ಕೇಳಿದಳು: "ಆ ಅಕ್ಕಗ ಉತ್ತರ ಸಿಕ್ತೇನ್ರಿ?"

"ಕೋರ್ಟಿನಾಗ ನಾನು ಹೇಳೂವಾಗ ಹಿಂದ ಕುಂತಿದ್ಲು. ಅನುವಾದ ಮಾಡಾಂವ ಹೇಳಿದ ಮ್ಯಾಲ ಎದ್ದು ಹೋದ್ಲು. ಮರುದಿನ ಬರ್ಲಿಲ್ಲ."

"ಸಿಟ್ಟಾಗಿದ್ಲೇನು?"

"ಗೊತ್ತಿಲ್ಲ. ಆಗಿರಬೇಕು. ನಾನಾಗಿದ್ರೂ ಆಗ್ತಿದ್ದೆ."

ಹಡಗಿನಲ್ಲಿ ಕೆಲಸ ಮಾಡುವ ಅವನ ಪರವಾನಗಿಯನ್ನು ಅಮಾನತು ಮಾಡಿದ್ದರು. ಅದರ ವಿಚಾರಣೆ ಮುಂಬೈಯಲ್ಲಿ ನಡೆಯುವುದಿತ್ತು. ಅಲ್ಲಿಯವರೆಗೆ ಅವನು ಅಂಗಡಿಗೆ ಬಂದು ಸಾಮಾನು ಇಳಿಸಿಕೊಳ್ಳುವುದು, ಔಷಧಿ ತರಲು ಯಲಬುರ್ಗಾಕ್ಕೆ ಹೋಗಿ ಬರುವುದು ಮಾಡಿದ. ಜೈನಾಬೀ ಬಂದಾಗ ಅವಳ ಮಾತ್ರೆಯ ಪಟ್ಟಿಯನ್ನು ತಾನೇ ತೆಗೆದುಕೊಟ್ಟ. ಆಕೆ ಕನ್ನಡಕದ ಮೇಲಿಂದ ಅವನನ್ನೇ ನೋಡಿ, "ಮತ್ತ ಹಡಗಿಗಿ ಹೋಗ್ತೀ ಏನು?" ಎಂದು ಕೇಳಿದಳು.

"ಕಳಿಸಿದ್ರ ಹೋಗ್ತೀನಿ ಚಾಚಿ. ಆ ಕೆಲಸ ನನಗ ಬರ್ತದ."

"ಅಂಜಿಕಿ ಬರಂಗಿಲ್ಲ?"

"ಬರ್ತದ," ಎಂದ ಹಾಲೇಶ. ಆಕೆಯ ಚೀಲದಲ್ಲಿ ಮಾತ್ರೆಗಳನ್ನು ಹಾಕಿ, ಬಿಸಿಲಿನಲ್ಲಿ ನಿಲ್ಲಬೇಡವೆಂದು ಒಳಗಿನ ಸ್ಟೂಲನ್ನು ಎತ್ತಿ ತಂದು ಕೊಟ್ಟ. ಸುನಿತಾ ಮೊಬೈಲಿನಲ್ಲಿ ಅವನ ವಿಚಾರಣೆಗೆಂದು ಮುಂಬೈ ರೈಲಿನ ಟಿಕೆಟ್ಟು ನೋಡುತ್ತಿದ್ದಳು. ಒಂದನ್ನು ಕಾಯ್ದಿರಿಸಲು ಹೊರಟವಳು ಎರಡು ಎಂದು ಒತ್ತಿದಳು.