ವಿದ್ವಾಂಸರ ಬಾಯಿ ಕಟ್ಟಿದ ಕೆಂಪು ರಟ್ಟು

ನಾನು ಒಂದು ಕೆಂಪು ರಟ್ಟು. ಹುಟ್ಟಿದ್ದು ಧಾರವಾಡದಲ್ಲಿ, ಚಪ್ಪಲಿ ಡಬ್ಬಿಯ ಮುಚ್ಚಳವಾಗಿ. ಶಿವಲೀಲಾ ನನ್ನನ್ನು ಅಂಗೈಯಗಲ ಕತ್ತರಿಸಿ ಕೆಂಪು ಕಾಗದ ಅಂಟಿಸಿದಳು. ಮೂಲೆಗಳು ಸೊಟ್ಟಗಾದವು. ಆದರೂ ನನ್ನನ್ನು ಕಂಡರೆ ದೊಡ್ಡ ದೊಡ್ಡ ವಿದ್ವಾಂಸರು ಮಾತು ನಿಲ್ಲಿಸುತ್ತಿದ್ದರು, ಬೇಕಾದರೆ ನಂಬಿ.

ಶಿವಲೀಲಾಳಿಗೆ ಮೂವತ್ತೆರಡು ವರ್ಷ. ಬುದ್ಧಿ ಬೆಳವಣಿಗೆ ನಿಧಾನವೆಂದು ಮನೆಯವರು ಅವಳನ್ನು ಒಬ್ಬಳೇ ಓಣಿ ದಾಟಲೂ ಬಿಟ್ಟಿರಲಿಲ್ಲ. ಇಂಥವರ ಬದುಕಿನ ಬಗ್ಗೆ ಸಂಶೋಧನೆಗಿಳಿದ ಪ್ರೇಮಲತಾ ಮೇಡಂ ಮೊದಲು ಅವಳ ಉತ್ತರ ಬರೆದುಕೊಂಡರು, ಆಮೇಲೆ ಅವಳನ್ನೇ ತಂಡಕ್ಕೆ ಸೇರಿಸಿಕೊಂಡರು. ಸಭೆಗೆ ಒಂದೇ ಕಟ್ಟಳೆ: ಮಾತು ತಿಳಿಯದಿದ್ದರೆ ರಟ್ಟು ಎತ್ತಬೇಕು, ಆಡಿದವರು ಸುಲಭ ಮಾಡಿ ಮತ್ತೆ ಹೇಳಬೇಕು. ಮೊದಲ ತಿಂಗಳು ನನಗೆ ಪುರುಸೊತ್ತೇ ಇರಲಿಲ್ಲ. ಮೇಡಂ ಮಾತು ಕಬ್ಬಿಣದ ಕಡಲೆ!

ತಂಡ ಅವಳಂಥವರಿದ್ದ ಮೂವತ್ತು ಮನೆ ಸುತ್ತಿತು. "ನಿಮಗ ಇನ್ನೇನು ಬೇಕು?" ಎಂದರೆ ಎಲ್ಲರದೂ ಒಂದೇ ಉತ್ತರ: "ಏನೂ ಬ್ಯಾಡ್ರಿ, ಎಲ್ಲಾ ಛಲೋ ಐತಿ." ಮೇಡಂ ಹಿಗ್ಗಿ ಸಭೆಯಲ್ಲಿ ವರದಿ ಓದತೊಡಗಿದರು.

ಆಗ ಶಿವಲೀಲಾ ನನ್ನನ್ನು ಎತ್ತಿದಳು. ಮೇಡಂ ಸಿಟ್ಟಾದರೆ ಮತ್ತೆ ಮನೆಯ ಮೂಲೆಯೇ ಗತಿ ಎಂಬ ಹೆದರಿಕೆ ಅವಳಿಗೆ.

"ಏನ ತಿಳೀಲಿಲ್ಲ, ಶಿವಲೀಲಾ?"

"ತಿಳದೈತ್ರಿ ಮೇಡಂ. ಆದ್ರ ಅದು ಖರೇ ಅಲ್ರಿ. ಎಲ್ಲಾರ ಬಾಜೂಕ ಅವರವ್ವ ಕುಂತಿದ್ರು. ಅವ್ವನ ಮುಂದ ಹೆಂಗ ಹೇಳೂದ್ರಿ? ನಾನೂ ಸುಳ್ಳ ಹೇಳೀನಿ."

ಆರು ತಿಂಗಳ ದುಡಿಮೆ ನೀರಿನಲ್ಲಿ ಹೋಮವಾಯಿತು. ನನ್ನ ಎದೆ ಡವಡವ ಹೊಡೆದುಕೊಂಡಿತು; ರಟ್ಟಿಗೂ ಎದೆಯಿದೆ. ಮೇಡಂ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು.

"ಹಂಗಾದ್ರ ಮತ್ತ ಹೋಗೂಣು. ಈ ಸಲ ನೀವ ಕೇಳ್ರಿ, ಶಿವಲೀಲಾ. ನಾ ಅವರವ್ವಂದಿರ ಜೋಡಿ ಹೊರಗ ಕಟ್ಟಿ ಮ್ಯಾಲ ಕೂಡ್ತೀನಿ."

ಈ ಸಲ ಎಲ್ಲರೂ ಬಾಯಿ ಬಿಚ್ಚಿದರು. ಒಬ್ಬನಿಗೆ ತನ್ನ ಕೋಣೆಗೆ ಒಳಗಿನಿಂದ ಚಿಲಕ ಬೇಕಿತ್ತು. ಒಬ್ಬಳಿಗೆ ತಾನೇ ಆರಿಸಿದ ಬಣ್ಣದ ಸೀರೆ. ವರದಿ ಅಚ್ಚಾದಾಗ ಬರೆದವರ ಸಾಲಿನಲ್ಲಿ ಶಿವಲೀಲಾಳ ಹೆಸರೂ ಇತ್ತು. ಅವಳ ಉತ್ತರವೂ ಇತ್ತು: ಒಬ್ಬಳೇ ಬಸ್ಸಿನಲ್ಲಿ ಹೋಗಬೇಕು.

ಅದನ್ನು ಓದಿಸಿಕೊಂಡ ಅವಳ ಅವ್ವ ಕಣ್ಣೊರೆಸಿಕೊಂಡಳು. "ನನಗ್ಯಾಕ ಹೇಳಲಿಲ್ಲವಾ?"

"ನೀ ಕೇಳಿದ್ದಿಲ್ಲಬೇ."

ಈಗ ನಾನು ಮುದುಕ. ಬಣ್ಣ ಹಾರಿ, ಕಚೇರಿಯ ಕಪಾಟಿನಲ್ಲಿ ಬಿದ್ದಿದ್ದೇನೆ. ತಿಳಿಯದಿದ್ದರೆ ಶಿವಲೀಲಾ ಬಾಯಿಬಿಟ್ಟೇ ಕೇಳುತ್ತಾಳೆ. ಕೆಲಸ ಹೋಯಿತೆಂಬ ಬೇಸರ ನನಗಿಲ್ಲ, ಇಷ್ಟು ಸಂತೋಷದಿಂದ ಯಾರೂ ಕೆಲಸ ಕಳೆದುಕೊಂಡಿರಲಿಕ್ಕಿಲ್ಲ.

ಇವತ್ತು ಅವಳು ಸಭೆಗೆ ತಡವಾಗಿ ಬಂದಳು.

"ಕಿಡಕಿ ಸೀಟ ಸಿಗಲಿಲ್ರಿ," ಎಂದಳು, "ಅದಕ ಎರಡ ಬಸ್ ಬಿಟ್ನಿ."