ಮೂವತ್ತಮೂರು ಸುತ್ತಿನ ಮಾವ

ನಮ್ಮ ಮಾವ ಹೊಸ ಸಂಗೀತವನ್ನು ನಿಂತೇ ಕೇಳುತ್ತಿದ್ದರು. ರೆಕಾರ್ಡನ್ನು ರಟ್ಟಿನ ಹೊದಿಕೆಯಿಂದ ಮೆಲ್ಲಗೆ ಹೊರತೆಗೆದು, ಅದರ ಅಂಚನ್ನಷ್ಟೇ ಅಂಗೈಗಳ ನಡುವೆ ಹಿಡಿದು ಪ್ಲೇಯರಿನ ಮೇಲಿಟ್ಟು, ಮುಳ್ಳನ್ನು ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈಗಳೆರಡನ್ನೂ ಕಂದು ಕೋಟಿನ ಜೇಬಿಗಿಳಿಸಿ ನಿಂತರೆಂದರೆ, ಆ ಬದಿ ಮುಗಿಯುವವರೆಗೆ ಮನೆಗೆ ಬೆಂಕಿ ಬಿದ್ದರೂ ಅಲುಗುತ್ತಿರಲಿಲ್ಲ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ಮನೆಗೆ ಹೊಸಬರು ಬಂದಾಗ ಕೂತೇ ಇರೋಕಾಗುತ್ತೇನೇ?" ಎಂದಿದ್ದರು. ಎರಡನೆಯ ಸಲ ಕೇಳುವಾಗ ಕೂರುತ್ತಿದ್ದರು, ಅಷ್ಟರಲ್ಲಿ ಪರಿಚಯವಾಗಿರುತ್ತಿತ್ತು.

ಅವರು ಅಮ್ಮನ ತಮ್ಮ. ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಎರಡು ಪೆಟ್ಟಿಗೆ ಬಟ್ಟೆ, ಹನ್ನೊಂದು ಪೆಟ್ಟಿಗೆ ರೆಕಾರ್ಡುಗಳೊಂದಿಗೆ ನಮ್ಮ ಮನೆಗೆ ಬಂದವರು, ಮುಂದಿನ ಕೋಣೆಯಲ್ಲಿ ರೆಕಾರ್ಡುಗಳನ್ನು ಜೋಡಿಸಿ, ಉಳಿದ ಜಾಗದಲ್ಲಿ ತಾವು ಮಲಗತೊಡಗಿದರು. ಯಾರೋ ಹಿಂದಿನಿಂದ ಕರೆದರೇನೋ ಎಂಬಂತೆ ತಲೆಯನ್ನು ತುಸು ವಾರೆ ಮಾಡಿಕೊಂಡು ನಡೆಯುವ ಅವರ ನಡಿಗೆಯನ್ನು ಬೀದಿಯ ತುದಿಯಿಂದಲೇ ಗುರುತಿಸಬಹುದಿತ್ತು. ಬೇಸಿಗೆಯಲ್ಲೂ ಆ ಕೋಟು ಮೈಮೇಲಿರುತ್ತಿತ್ತು. ಅದರ ಒಳಮೈಗೆ ಅಮ್ಮನಿಂದ ಹೊಲಿಸಿಕೊಂಡ ಅಗಲವಾದ ಜೇಬಿನಲ್ಲಿ ಸಣ್ಣ ರೆಕಾರ್ಡೊಂದು ಸೊಗಸಾಗಿ ಕೂರುತ್ತಿದ್ದುದರಿಂದ, ಎಷ್ಟೋ ಸಲ ಅವರ ಎದೆ ಅಸ್ವಾಭಾವಿಕವಾಗಿ ಚಪ್ಪಟೆಯಾಗಿ ಕಾಣುತ್ತಿತ್ತು.

ಉದ್ಯೋಗ, ಪತ್ರಿಕೆಯೊಂದರಲ್ಲಿ ಕರಡು ತಿದ್ದುವುದು. ಇಪ್ಪತ್ತಾರು ವರ್ಷ ಇತರರ ವಾಕ್ಯಗಳ ಒತ್ತಕ್ಷರ, ದೀರ್ಘ, ವಿರಾಮಚಿಹ್ನೆಗಳನ್ನು ಸರಿಪಡಿಸುತ್ತ ಕುಳಿತ ಈ ಮನುಷ್ಯನಿಗೆ ಜಗತ್ತೇ ಒಂದು ಕರಡಾಗಿ ಕಾಣುತ್ತಿತ್ತು. ಸಾರು ಬಾಯಿಗಿಟ್ಟು, "ಉಪ್ಪು ಬಿಟ್ಟುಹೋಗಿದೆ, ಸೇರಿಸಿ" ಎನ್ನುವರು. ಮಾತು ನಿಲ್ಲಿಸದ ಪಕ್ಕದ ಮನೆಯವರ ಬಗ್ಗೆ, "ಪಾಪ, ಆಯಮ್ಮಂಗೆ ಒಂದು ಅಲ್ಪವಿರಾಮ ಬೇಕು" ಎಂದು ನಿಜವಾದ ಕನಿಕರದಿಂದ ಹೇಳುವರು. ಹಗಲಿಡೀ ಶಬ್ದಾರ್ಥಗಳ ನಡುವೆ ಜೀವ ಸವೆಸಿದ್ದರಿಂದಲೋ ಏನೋ, ಮಾತಿರುವ ಹಾಡುಗಳು ಅವರಿಗೆ ಸೇರುತ್ತಿರಲಿಲ್ಲ. "ಹಾಡಿದ್ರೆ ತಪ್ಪು ಹುಡುಕೋಕೆ ಶುರುಮಾಡ್ತೀನಿ. ವಾದ್ಯಕ್ಕೆ ಕಾಗುಣಿತ ಇಲ್ಲ ನೋಡು" ಎಂಬುದು ಅವರ ಸಮರ್ಥನೆ.

ಅವರು ಅರಸುತ್ತಿದ್ದುದು ಇನ್ನೂ ಯಾರೂ ಕೇಳಿರದ ವಾದ್ಯಸಂಗೀತವನ್ನು. ತಾಳವನ್ನು ಬೇಕೆಂದೇ ಕಳೆದುಕೊಂಡು ಮತ್ತೆ ಹುಡುಕಿಕೊಳ್ಳುವ ಜಾಝ್, ರೇಡಿಯೊ ಬಿಡಿಭಾಗಗಳಿಂದ ಹೊರಡಿಸಿದ ವಿಚಿತ್ರ ಗುಂಯ್‌ಗಾರ, ಪಿಯಾನೋದ ತಂತಿಗಳ ನಡುವೆ ಕಾಗದ ಸಿಕ್ಕಿಸಿ ನುಡಿಸಿದ ಗತಿಗಳು, ಇವೆಲ್ಲ ನಮ್ಮ ಮುಂದಿನ ಕೋಣೆಯಿಂದ ಹೊರಟು ಅಡುಗೆಮನೆಯವರೆಗೆ ಬರುತ್ತಿದ್ದವು. ಅಮ್ಮ ಬಾಗಿಲಲ್ಲಿ ನಿಂತು, "ಇನ್ನೂ ಶ್ರುತಿನೇ ಮಾಡ್ಕೊಳ್ತಿದಾರೇನೋ? ಶುರುವಾಗೋದು ಯಾವಾಗ?" ಎಂದರೆ, ಮಾವ ತಿರುಗದೆಯೇ, "ಮುಗೀತಾ ಬಂತು ಅಕ್ಕಾ" ಎನ್ನುತ್ತಿದ್ದರು.

ಶುಕ್ರವಾರ ರೆಕಾರ್ಡ್ ಅಂಗಡಿಗೆ ಹೊಸ ಮಾಲು ಬರುವ ದಿನ. ಅಂಗಡಿಯ ಗಡ್ಡದವರು, ಯಾವ ಸಾಲಿನಲ್ಲಿಡಬೇಕೆಂದು ತಮಗೇ ತಿಳಿಯದ ರೆಕಾರ್ಡುಗಳನ್ನೆಲ್ಲ 'ಇತರೆ' ಎಂದು ಬರೆದ ಮರದ ಪೆಟ್ಟಿಗೆಗೆ ಹಾಕಿ ಮಾವನಿಗಾಗಿ ತೆಗೆದಿಡುತ್ತಿದ್ದರು. ಕೆಲಸ ಮುಗಿಸಿ ನೇರವಾಗಿ ಅಲ್ಲಿಗೆ ಹೋಗುವ ಮಾವ, ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮಕ್ಕಳು ಗೂಡಿನೊಳಗೆ ಇಣುಕುವಂತೆ ಒಂದೊಂದನ್ನೇ ಹಿಂದಕ್ಕೆ ವಾಲಿಸಿ ನೋಡುವರು. ಆ ವಾರದ ಮೂರನ್ನು ಆರಿಸಿ, ಮನೆಗೆ ತಂದು ಕೇಳಿ, ತಮ್ಮದೇ ಪತ್ರಿಕೆಯ ಒಳಪುಟದಲ್ಲಿ 'ಹೊಸ ನಾದ' ಎಂಬ ಅಂಗೈಯಗಲದ ಅಂಕಣ ಬರೆಯುವರು. ಒಂದೊಂದಕ್ಕೂ ನಲವತ್ತು ಪದ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹನ್ನೆರಡು ವರ್ಷಗಳಲ್ಲಿ ಆ ಅಂಕಣ ಒಂದು ವಾರವೂ ತಪ್ಪಲಿಲ್ಲ. ಒಂದು ಅಕ್ಷರವೂ ತಪ್ಪಲಿಲ್ಲ. ಈ ಎರಡನೆಯದರ ಬಗ್ಗೆ ಅವರಿಗಿದ್ದ ಹೆಮ್ಮೆಯನ್ನು ಅವರು ಬಚ್ಚಿಡುತ್ತಿರಲಿಲ್ಲ.

ನಾನು ಆಗಷ್ಟೇ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಆ ವರ್ಷದ ಒಂದು ಶುಕ್ರವಾರ 'ಇತರೆ' ಪೆಟ್ಟಿಗೆಯಲ್ಲಿ ಬೂದುಬಣ್ಣದ, ಚಿತ್ರವೇ ಇಲ್ಲದ ಹೊದಿಕೆಯ ರೆಕಾರ್ಡೊಂದು ಸಿಕ್ಕಿತು. ಹೊರವಲಯದ ಕನ್ನಡಕದಂಗಡಿಯಲ್ಲಿ ಗಾಜು ತೇಯುವ ಕೆಲಸದ ಹೆಂಗಸೊಬ್ಬಳು ಸ್ಯಾಕ್ಸೋಫೋನ್ ನುಡಿಸಿದ್ದಳು. ಎಲೆಕ್ಟ್ರಿಷಿಯನ್ ಆದ ಅವಳ ಅಣ್ಣ ತಾನೇ ಕಟ್ಟಿದ ಯಂತ್ರಗಳಿಂದ ಹಿಂದೆ ನಾದ ಹಿಡಿದಿದ್ದ. ಮುಚ್ಚಿಹೋದ ಹಿಟ್ಟಿನ ಗಿರಣಿಯ ಖಾಲಿ ಗೋದಾಮಿನಲ್ಲಿ ಧ್ವನಿಮುದ್ರಿಸಿದ್ದು. ಮಾವ ಅದನ್ನು ಕೇಳುತ್ತಿದ್ದಾಗ ನಾನು ಬಾಗಿಲಲ್ಲೇ ಇದ್ದೆ. ಭಾರವಾದ, ತಗ್ಗಿದ, ಉಸಿರೇ ಲೋಹವಾದಂಥ ಆ ಸ್ವರ ಮುಗಿದಾಗ ಮಾವನ ಕಣ್ಣು ಒದ್ದೆಯಾಗಿತ್ತು. 'ಮನೆಯವರೆಲ್ಲ ಹೊರಟುಹೋದ ಮೇಲೆ ಉಳಿದೊಬ್ಬರು ಕೋಣೆಯಿಂದ ಕೋಣೆಗೆ ನಿಧಾನವಾಗಿ ನಡೆದಂತಿದೆ' ಎಂದು ಅವರು ಬರೆದರು. ಮೊದಲ ಬಾರಿಗೆ ನಲವತ್ತು ಪದಗಳ ಗೆರೆ ದಾಟಿ ಎಪ್ಪತ್ತಕ್ಕೆ ಹೋಗಿದ್ದರು. ಅಂಗಡಿಯಲ್ಲಿದ್ದ ಪ್ರತಿಗಳೆಲ್ಲ ವಾರದೊಳಗೆ ಖಾಲಿಯಾದವು.

ತಪ್ಪು ಹಿಡಿದವಳು ಅಮ್ಮ. ಕೋಣೆ ಒರೆಸುವಾಗ ಪ್ಲೇಯರಿನ ಮೇಲೇ ಉಳಿದಿದ್ದ ಆ ರೆಕಾರ್ಡಿನ ನಡುವಿನ ಚೀಟಿಯನ್ನು, ಹೊಸ ಕನ್ನಡಕ ಬಂದ ಉತ್ಸಾಹದಲ್ಲಿ, ಸುಮ್ಮನೆ ಓದಿದಳು.

"ಇದರಲ್ಲಿ ನಲವತ್ತೈದು ಅಂತ ಇದೆಯಲ್ಲೋ. ನಿನ್ನ ಮೆಷಿನ್ನು ಮೂವತ್ತಮೂರರಲ್ಲಿದೆ."

ಮಾವ ಹಲ್ಲುಜ್ಜುತ್ತಿದ್ದವರು ಹಾಗೇ ಬಂದರು. ಸಾಸಿವೆಕಾಳಿನಷ್ಟು ಚಿಕ್ಕ ಅಕ್ಷರಗಳಲ್ಲಿ ನಿಜಕ್ಕೂ ಹಾಗೆಯೇ ಇತ್ತು. ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕಾದದ್ದನ್ನು ಅವರು ಮೂವತ್ತಮೂರರಲ್ಲಿ ತಿರುಗಿಸಿದ್ದರು. ಮನುಷ್ಯಕಂಠವಿದ್ದಿದ್ದರೆ ಮೊದಲ ಸಾಲಿನಲ್ಲೇ ತಿಳಿಯುತ್ತಿತ್ತು. ಆಗಲೇ ಸರಿವೇಗದಲ್ಲಿ ಹಾಕಿ ಕೇಳಲು ಕೈಚಾಚಿದ ಅಮ್ಮನನ್ನು ಅವರು ತಡೆದರು. "ಬೇಡ. ಈಗ ಕೇಳೋ ಹಕ್ಕು ನಂಗಿಲ್ಲ" ಎಂದು ರೆಕಾರ್ಡನ್ನು ಹೊದಿಕೆಯೊಳಗೆ ಸೇರಿಸಿ, ಬಾಯಿ ತೊಳೆದು, ಕಚೇರಿಗೆ ಹೋದರು.

ಸಂಪಾದಕರು ಕೆಟ್ಟವರಲ್ಲ. "ಯಾರಿಗ್ರೀ ಗೊತ್ತಾಗುತ್ತೆ? ಬರೆದದ್ದು ಚೆನ್ನಾಗಿತ್ತು, ಜನ ಮೆಚ್ಚಿದ್ರು, ಬಿಡಿ ಅತ್ಲಾಗೆ. ನೀವು ಹಿಂಗೆ ತಪ್ಪೊಪ್ಪಿಗೆ ಹಾಕಿದ್ರೆ ಇಡೀ ಪುಟಾನೇ ನಗೆಪಾಟಲಾಗುತ್ತೆ" ಎಂದು ಕೂರಿಸಿ ಹೇಳಿದರಂತೆ.

"ಒಂದಕ್ಷರ ತಪ್ಪಿದ್ರೆ ತಿದ್ದುಪಡಿ ಹಾಕ್ತೀವಿ ಸಾರ್. ಇಲ್ಲಿ ಒಬ್ಬ ಹೆಂಗಸನ್ನೇ ಇಡಿಯಾಗಿ ತಪ್ಪು ಅಚ್ಚು ಹಾಕಿದೀನಿ" ಎಂದರಂತೆ ಮಾವ.

ಸಂಪಾದಕರು ಬೇಡವೆಂದೇ ಹೇಳಿದರು. ಆದರೆ ಪುಟ ಅಚ್ಚಿಗೆ ಹೋಗುವ ಮುನ್ನ ಅದನ್ನು ಕೊನೆಯದಾಗಿ ಕಾಣುವವರು ಮಾವನೇ ಆಗಿದ್ದರು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ಒಪ್ಪಿಗೆಯಾದ ಪುಟವನ್ನು ಅವರು ಬದಲಿಸಿದರು. ಆ ವಾರ 'ಹೊಸ ನಾದ'ದಲ್ಲಿ ಇದ್ದದ್ದು ಇಷ್ಟೇ: 'ಕಳೆದ ವಾರ ಇಲ್ಲಿ ಹೊಗಳಿದ ರೆಕಾರ್ಡನ್ನು ಈ ಅಂಕಣ ಬರೆದವನು ತಪ್ಪು ವೇಗದಲ್ಲಿ ಕೇಳಿದ್ದಾನೆ. ಕಲಾವಿದೆಯ ಕ್ಷಮೆ ಕೋರುತ್ತಾನೆ. ಅವರ ಸಂಗೀತವನ್ನು ಅವನಿನ್ನೂ ಕೇಳಿಲ್ಲ.'

ನಗೆ ಊರೆಲ್ಲ ಹಬ್ಬಿತು. ಕಚೇರಿಯಲ್ಲಿ ಅವರಿಗೆ 'ಮೂವತ್ತಮೂರು' ಎಂಬ ಹೆಸರು ಬಿತ್ತು. ಅವರು ಓಣಿಯಲ್ಲಿ ಎದುರಾದರೆ ಕೆಲವರು ನಿಧಾನಗತಿಯಲ್ಲಿ ಕೈಕಾಲು ಆಡಿಸಿ ನಡೆದು ತೋರಿಸುತ್ತಿದ್ದರಂತೆ. ಉದ್ಯೋಗ ಉಳಿಯಿತು, ಅಂಕಣ ಹೋಯಿತು. ಮುಂದಿನ ಶುಕ್ರವಾರ ಮಾವ ಅಂಗಡಿಗೆ ಹೋಗಲಿಲ್ಲ. ಕೋಟನ್ನು ಮೊಳೆಗೆ ತೂಗುಹಾಕಿ, ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತರು. ಅಂದು ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಅಮ್ಮ ಎರಡು ಸಲ ಬಂದು, "ಏನಾದ್ರೂ ಹಾಕೋ, ಆ ಶ್ರುತಿ ಮಾಡೋರ‍್ನೇ ಹಾಕು" ಎಂದಳು.

ಹತ್ತು ದಿನದ ಮೇಲೆ ಆ ಕನ್ನಡಕದಂಗಡಿಯ ವಿಳಾಸದಿಂದ ಒಂದು ಕಾರ್ಡು ಬಂತು. 'ಭಾನುವಾರ ಅಂಗಡಿ ಮುಚ್ಚಿರುತ್ತದೆ. ಮಹಡಿಯ ಮೇಲಿರುತ್ತೇವೆ. ಬಂದು ಕೇಳಿ.' ಒಬ್ಬರೇ ಹೋಗಲು ಅಳುಕಿ ಮಾವ ನನ್ನನ್ನೂ ಕರೆದುಕೊಂಡರು.

ಸ್ಯಾಕ್ಸೋಫೋನ್ ನುಡಿಸಿದವಳಿಗೆ ಮೂವತ್ತರ ಆಸುಪಾಸು. ಬೆರಳ ತುದಿಗಳೆಲ್ಲ ಗಾಜು ತೇದು ಒರಟಾಗಿದ್ದವು. ಕೋಣೆಯ ತುಂಬ ಅಣ್ಣನ ತಂತಿಗಳು. ಕೂರಿ ಎಂದಳು, ಮಾವ ನಿಂತೇ ಇದ್ದರು. ನಲವತ್ತೈದರಲ್ಲಿ ಆ ಸಂಗೀತ ಬೇರೆಯೇ ಪ್ರಾಣಿಯಾಗಿತ್ತು. ಚುರುಕಾಗಿ, ತುಂಟತನದಿಂದ, ಮುಗ್ಗರಿಸಿ, ಎದ್ದು, ಮತ್ತೆ ಓಡುತ್ತಿತ್ತು.

"ಅಣ್ಣನ ಮಗು ನಡೆಯೋದು ಕಲಿಯುವಾಗ ಬಿದ್ದೂ ಬಿದ್ದೂ ನಗ್ತಾ ಇತ್ತು. ಅದನ್ನ ನುಡಿಸಿದ್ದು" ಎಂದಳು ಅವಳು, ಮುಗಿದ ಮೇಲೆ. "ನೀವು ಸಾವಿನ ಮನೆ ಮಾಡಿಬಿಟ್ರಿ. ನಾಲ್ಕು ವರ್ಷ ತಗೊಂಡಿದ್ದೆ ಅದಕ್ಕೆ. ಈಗ ಹೇಳಿ, ಹೇಗಿದೆ?"

"ನಿಜ ಹೇಳ್ಲಾ?"

"ಅದಕ್ಕೇ ಕರೆದಿದ್ದು."

ಮಾವ ಹೇಳಿದರು: "ಮೊದಲ ಆರು ನಿಮಿಷ ಬಹಳ ಚೆನ್ನಾಗಿದೆ. ಮಗು ಅಲ್ಲೇ ಇದೆ. ಆಮೇಲೆ ಮಗು ಇಲ್ಲ, ನೀವಿದೀರಿ. ಮೆಚ್ಚಿಸೋಕೆ ಹೊರಟಿದೀರಿ."

ಅವಳ ಮುಖದ ಬಣ್ಣ ಇಳಿಯಿತು. ಅಣ್ಣ ತಂತಿಗಳ ನಡುವಿನಿಂದ, "ನಾನೂ ಇದನ್ನೇ ಹೇಳಿದ್ದೆ" ಎಂದಾಗ ಅವಳು ಅವನತ್ತ ನೋಡಿದ ನೋಟಕ್ಕೆ ಗಾಜು ಕೂಡ ಬಿರುಕು ಬಿಡಬೇಕಿತ್ತು. ಚಹಾ ಕೊಟ್ಟಳು, ಬಾಗಿಲವರೆಗೆ ಬಂದಳು. ಬಸ್ಸಿನಲ್ಲಿ ಮಾವ, "ಆಯಮ್ಮಂಗೆ ಎರಡು ಸಲ ಅನ್ಯಾಯ ಮಾಡ್ದೆ ಅನ್ಸುತ್ತೆ ಕಣೇ" ಎಂದವರು, ಮನೆ ಬರುವವರೆಗೆ ಕಿಟಕಿಯ ಕಡೆಗೇ ಮುಖ ಮಾಡಿದ್ದರು.

ಹದಿನಾಲ್ಕು ತಿಂಗಳ ನಂತರ ಒಂದು ಪಾರ್ಸೆಲ್ ಬಂತು. ಇನ್ನೂ ಬಿಡುಗಡೆಯಾಗದ ಹೊಸ ಧ್ವನಿಮುದ್ರಣದ ಕ್ಯಾಸೆಟ್. ಜೊತೆಗೆ ಕಾಗದದ ಚೂರಿನಲ್ಲಿ ಒಂದೇ ಸಾಲು: 'ಈ ಸಲ ಆರು ನಿಮಿಷಕ್ಕೇ ನಿಲ್ಲಿಸಿದ್ದೇನೆ.' ಮಾವ ಆ ಚೂರನ್ನು ಓದಿ, ಮಡಿಸಿ, ಬಿಚ್ಚಿ, ಮತ್ತೆ ಓದಿ, ಅಮ್ಮನಿಗೆ ತೋರಿಸಿ, ಕೊನೆಗೆ ನನ್ನ ಕೈಗಿಟ್ಟು, "ಒಂದೂ ತಪ್ಪಿಲ್ಲ" ಎಂದರು.

ಆ ಕ್ಯಾಸೆಟ್ಟಿನ ಬಗ್ಗೆ ಬರೆಯಲು ಅಂಕಣವಿರಲಿಲ್ಲ. ಹಾಗಾಗಿ ಮಾವ ಒಂದು ಹಾಳೆಯ ಮೇಲೆ ಟೈಪು ಮಾಡಿ, ಹಿಂದೆ ತಮಗೆ ಪತ್ರ ಬರೆದಿದ್ದ ಆರು ಮಂದಿ ಓದುಗರಿಗೆ ಅಂಚೆಯಲ್ಲಿ ಕಳಿಸಿದರು. ಆರು ಹನ್ನೊಂದಾಗಿ, ಹನ್ನೊಂದು ನಲವತ್ತಾಯಿತು. ಶನಿವಾರ ಮಧ್ಯಾಹ್ನ ಊಟದ ಮೇಜು ತೆರವಾದ ಮೇಲೆ ಮಾವ ಟೈಪು ಮಾಡುವುದು, ಅಮ್ಮ ತನ್ನ ದುಂಡಕ್ಷರದಲ್ಲಿ ವಿಳಾಸ ಬರೆಯುವುದು, ನಾನು ಅಂಟು ಹಚ್ಚುವುದು, ಹೀಗೆ ಹದಿನೇಳು ವರ್ಷ ನಡೆಯಿತು. ಕನ್ನಡಕದಂಗಡಿಯಾಕೆ ಏನೇ ನುಡಿಸಿದರೂ ಬಿಡುಗಡೆಗೆ ಮುನ್ನ ಮಾವನಿಗೆ ಕಳಿಸುತ್ತಿದ್ದಳು. ಮಾವ ಯಾವತ್ತೂ ಸುಮ್ಮನೆ ಹೊಗಳಲಿಲ್ಲ, ಅವಳು ಯಾವತ್ತೂ ಕಳಿಸುವುದನ್ನು ಬಿಡಲಿಲ್ಲ. ಮಾವ ತೀರಿಕೊಂಡ ದಿನ ಬಂದು ಅಮ್ಮನ ಪಕ್ಕ ಕೂತು, "ನಂಗೆ ಬೈಯೋರು ಹೋದ್ರು ಅಮ್ಮಾ" ಎಂದು ಅತ್ತಳು. ಅಮ್ಮ ಅವಳ ಒರಟು ಬೆರಳುಗಳನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.

ಈಗ ನನ್ನ ಫೋನು ಪ್ರತಿ ಶುಕ್ರವಾರ ನೂರಾರು ಹೊಸ ಬಿಡುಗಡೆಗಳನ್ನು ತಾನಾಗಿಯೇ ತಂದು ಸುರಿಯುತ್ತದೆ. ನಿಮಗೆ ಇಷ್ಟವಾದಂಥದೇ ಇನ್ನಷ್ಟು ಇಲ್ಲಿವೆ ಎನ್ನುತ್ತದೆ. ಮೊದಲ ಅರ್ಧ ನಿಮಿಷ ಕೇಳಿ ಮುಂದಿನದಕ್ಕೆ ಹಾರುವ ನನ್ನ ಬೆರಳನ್ನು ಕಂಡರೆ ನನಗೇ ನಾಚಿಕೆಯಾಗುತ್ತದೆ.

ಹೊಸದನ್ನು ಸೃಷ್ಟಿಸಿದವರಿಗೆ ತಾವು ಮಾಡಿದ್ದರಲ್ಲಿ ಏನಾದರೂ ಇದೆಯೋ ಇಲ್ಲವೋ ಎಂಬುದು ತಿಳಿದಿರುವುದಿಲ್ಲ. ಮನೆಯವರ ಮೆಚ್ಚುಗೆ ಆ ಸಂಶಯವನ್ನು ನೀಗಿಸಲಾರದು, ಕೀರ್ತಿ ಬರುವ ಹೊತ್ತಿಗೆ ತೀರ ತಡವಾಗಿರುತ್ತದೆ. ಇವೆರಡರ ನಡುವಿನ ಆ ದೀರ್ಘ ಏಕಾಂತದಲ್ಲಿ ಅವರಿಗೆ ಬೇಕಾದದ್ದು, ತನಗೇನೂ ಲಾಭವಿಲ್ಲದೆ, ಯಾರೂ ಹೇಳಿಕಳಿಸದೆ, ತನ್ನ ಜೀವಮಾನದ ಒಂದಷ್ಟು ಹೊತ್ತನ್ನು ಇಡಿಯಾಗಿ ಕೊಟ್ಟು ಕೇಳುವ ಒಬ್ಬ ಅಪರಿಚಿತ. ಅಂಥವರನ್ನು ಕಲೆಯ ಚರಿತ್ರೆ ನೆನಪಿಡುವುದಿಲ್ಲ. ಅವರು ಕಲಾವಿದರೂ ಅಲ್ಲ, ಪಂಡಿತರೂ ಅಲ್ಲ. ಆದರೆ ಅಂಥವರು ಎಲ್ಲೋ ಇದ್ದಾರೆಂಬ ನಂಬಿಕೆಯೊಂದರ ಬಲದಿಂದಲೇ, ದಿನದ ದುಡಿಮೆ ಮುಗಿಸಿ ಬಂದ ಯಾರೋ ಒಬ್ಬರು, ಬಾಗಿಲು ಮುಚ್ಚಿಕೊಂಡು, ಇನ್ನೂ ಹೆಸರಿಲ್ಲದ ಒಂದು ಸ್ವರಕ್ಕಾಗಿ ವಾದ್ಯವನ್ನು ಕೈಗೆತ್ತಿಕೊಳ್ಳುತ್ತಾರೆ.